ನಾಲ್ಕನೆಯ ಲೋಕದ ನಳ

ಸೋಮವಾರ ಸವಾಲು ಶುರು. ರಾಜೇಶ್ವರಿಗೆ ಊಟ ಸೇರುತ್ತಿರಲಿಲ್ಲ. 2006ರ ಆ ಬೇಸಿಗೆಯಲ್ಲಿ ಇಂಟರ್‌ನೆಟ್ಟಿನ ಬರಹಗಾರರ ಬಳಗವೊಂದು ಹೂಡಿದ್ದ ಪಂದ್ಯವದು: ಮೇ ತಿಂಗಳಿಡೀ ವಾರಕ್ಕೊಂದು ಹೊಸ ಲೋಕ ಕಟ್ಟಿ, ಅಲ್ಲಿನ ಜನ ಹೇಗೆ ಬದುಕುತ್ತಾರೆಂದು ಬರೆಯಬೇಕು. ಬೈರಿದೇವರಕೊಪ್ಪದ ಮನೆಯಲ್ಲಿ ಗಿರಾಕಿಗಳ ಸೀರೆಗೆ ಫಾಲ್ ಹಚ್ಚುತ್ತಲೇ ಆಕೆ ಮೂರು ಲೋಕಗಳನ್ನು ತಯಾರು ಮಾಡಿಟ್ಟುಕೊಂಡಿದ್ದಳು. ಓದಿ ನೋಡೆಂದು ನಾದಿನಿ ಶಿವಲೀಲಾಳ ಕೈಗೆ ಕೊಟ್ಟದ್ದೇ ತಪ್ಪಾಯಿತು.

“ವೈನಿ, ಚಂದ್ರನ ಮ್ಯಾಲಿನ ಹೆಂಗಸರು ನಳದ ಮುಂದ ಕೊಡ ಪಾಳಿ ಹಚ್ಯಾರ. ಮೋಡದೊಳಗಿನ ಊರಾಗೂ ಅದ. ಹೋಗ್ಲಿ, ಸಮುದ್ರದ ತಳದಾಗ ಇರೋ ಮಂದಿ ಯಾಕ್ರಿ ಡ್ರಮ್ ತುಂಬಿಟ್ಕೊಂಡಾರ?”

ರಾಜೇಶ್ವರಿ ಹಾಳೆಗಳನ್ನು ಕಸಿದುಕೊಂಡು ತಿರುವಿ ನೋಡಿದಳು. ವಾರಕ್ಕೊಮ್ಮೆ ನೀರು ಬರುವ ಓಣಿಯಲ್ಲಿ ಹುಟ್ಟಿ, ಅಂಥದ್ದೇ ಓಣಿಗೆ ಸೊಸೆಯಾಗಿ ಬಂದವಳ ಕಣ್ಣಿಗೆ ಇದು ಬಿದ್ದೇ ಇರಲಿಲ್ಲ.

“ನಗಬ್ಯಾಡ. ನಾಕನೇದರಾಗ ನೋಡ್ತಿರು, ದಿನಾಪೂರ್ತಿ ನೀರ ಬಿಡ್ತೇನಿ,” ಎಂದು ಸಿಡುಕಿ ಅಲ್ಲೇ ಪೆನ್ನು ಹಿಡಿದು ಕೂತಳು.

ನಳ ತಿರುವಿದಾಗೆಲ್ಲ ನೀರು ಬರುವ ಊರು. ಹಾಗಿದ್ದರೆ ಹೆಂಗಸರು ಒಬ್ಬರನ್ನೊಬ್ಬರು ಎಲ್ಲಿ ಭೇಟಿಯಾಗುತ್ತಾರೆ? ನೀರು ಬರುವ ದಿನ ಅಂತಲೇ ಇಲ್ಲದ ಮೇಲೆ, ತವರಿಗೆ ಯಾವಾಗ ಹೋಗಬೇಕೆಂದು ಏನನ್ನು ನೋಡಿ ಗೊತ್ತುಮಾಡುತ್ತಾರೆ? ಅಂತೂ ಒಂದು ಸಾಲು ಬರೆದಳು: ‘ಈ ಲೋಕದಲ್ಲಿ ನೀರು ಎಂದೂ ನಿಲ್ಲುವುದಿಲ್ಲ.’

ಎರಡನೆಯ ಸಾಲು ತಾನಾಗಿಯೇ ಬಂತು: ‘ಆದರೂ ಯಾವ ಹೆಂಗಸೂ ನಳ ಬಿಟ್ಟು ಕದಲುವುದಿಲ್ಲ, ಎಲ್ಲಿ ನಿಂತುಬಿಡುತ್ತದೋ ಎಂದು.’