ಕೂಸತ್ತೆಯ ಕನ್ನಡಕ

ನಮ್ಮ ಅಪ್ಪನ ತಂಗಿಯನ್ನು ಬೀದಿಯವರೆಲ್ಲ ಕೂಸತ್ತೆ ಎನ್ನುತ್ತಾರೆ. ಅವರಿಗೆ ಸ್ವಂತ ಮಕ್ಕಳಿಲ್ಲ. ಆದರೆ ಅವರು ಕೆಲಸ ಮಾಡುವ ಶಿಶುವಿಹಾರದಲ್ಲಿ ಅವರ ಸೊಂಟ ಏರದೆ ಬೆಳೆದ ಮಕ್ಕಳು ಬೀದಿಯಲ್ಲಿ ಕಡಿಮೆ. ಮೀಸೆ ಬಂದವರನ್ನೂ ನಿಲ್ಲಿಸಿ "ಮೂಗು ಒರೆಸ್ಕೊ" ಎನ್ನುವ ಹಕ್ಕು ಅವರಿಗಿದೆ. ನಾನು ಕನ್ನಡಕದ ಅಂಗಡಿಯಲ್ಲಿ ಸಂಬಳಕ್ಕಿದ್ದೇನೆ. ನನ್ನ ಕಣ್ಣು ಚೆನ್ನಾಗಿಯೇ ಇದೆ. ಗಿರಾಕಿಗಳು ನಂಬಲಿ ಎಂದು ಮಾಲೀಕರು ಪವರ್ ಇಲ್ಲದ ಕನ್ನಡಕ ಹಾಕಿಸಿದ್ದಾರೆ. ಅದರಿಂದ ನನಗೆ ಬಂದದ್ದು ಬುದ್ಧಿಯಲ್ಲ, ಕಿವಿಯ ಹಿಂದೆ ಎರಡು ಗೆರೆ.

ಕೂಸುಗಳಿಗೆ ಅತ್ತೆಯ ಮುಖದಲ್ಲಿ ಕಾಣುತ್ತಿದ್ದದ್ದು ಕನ್ನಡಕ ಒಂದೇ. ಎತ್ತಿಕೊಂಡ ತಕ್ಷಣ ಕೈ ಅಲ್ಲಿಗೇ. ಕಳೆದ ವಾರ ಒಂದು ಕೂಸು ಎಳೆದಾಗ ಹಳೆಯ ಲೋಹದ ಫ್ರೇಮಿನಿಂದ, ಮೂಗಿನ ಮೇಲೆ ಕೂರುವ ಸಣ್ಣ ಗುಂಡಿಯಷ್ಟಿರುವ ಮೆತ್ತೆ ಕಳಚಿ ಮಾಯವಾಯಿತು. ಯಾರು ನುಂಗಿದರೋ ಎಂದು ಎಲ್ಲ ಮಕ್ಕಳ ಬಾಯಿಗೂ ಬೆರಳು ಹಾಕಿದರು, ಡಾಕ್ಟರಿಗೆ ಫೋನ್ ಮಾಡಿದರು. ಕೊನೆಗೆ ಸಿಕ್ಕಿದ್ದು ಅತ್ತೆಯ ತುರುಬಿನಲ್ಲಿ. ಶಿಶುವಿಹಾರದ ಯಜಮಾನಿ ನಗಲಿಲ್ಲ.

"ಕನ್ನಡಕ ಇಲ್ದೆ ನಿಮಗೆ ಔಷಧಿ ಬಾಟ್ಲಿ ಓದೋಕಾಗಲ್ಲ. ಇದ್ರೆ ಹೀಗಾಗುತ್ತೆ. ಸೋಮವಾರದೊಳಗೆ ಏನಾದ್ರೂ ದಾರಿ ಮಾಡ್ಕೊಂಡು ಬನ್ನಿ, ಇಲ್ಲಾಂದ್ರೆ ಮನೇಲಿ ಆರಾಮಾಗಿರಿ" ಎಂದರು.

ಅತ್ತೆಗೆ ಹೆದರಿಕೆ ಹುಟ್ಟಿಸಿದ್ದು ಆ ಆರಾಮವೇ.

ಶನಿವಾರ ಅಂಗಡಿಗೆ ಬಂದರು, ಕಂಕುಳಲ್ಲಿ ನಮ್ಮ ಅಕ್ಕನ ಎಂಟು ತಿಂಗಳ ಮಗ.

"ಇವನ್ಯಾಕೆ?"

"ನೀನು ಬಿಡೋ ಬುರುಡೆ ಪರೀಕ್ಷೆ ಮಾಡೋರು ಬೇಕಲ್ಲ."

ನಾನು ಬಾಯಿಪಾಠ ಶುರು ಮಾಡಿದೆ. "ಟೈಟಾನಿಯಂ ಅತ್ತೆ. ಹಾಕಿದ್ದೇ ಗೊತ್ತಾಗಲ್ಲ."

ಅಳಿಯನಿಗೆ ಗೊತ್ತಾಯಿತು. ಒಂದೇ ಏಟಿಗೆ ಅತ್ತೆಯ ಮುಖದಿಂದ ಕಿತ್ತು ನೆಲಕ್ಕೆ ಹಾಕಿದ.

"ಇದು ನೋಡಿ, ಬಳ್ಳಿ ಥರ ಬಗ್ಗೋ ಲೋಹ. ಬಿಟ್ರೆ ಮತ್ತೆ ನೆಟ್ಟಗಾಗುತ್ತೆ."

ಅವನು ತಿರುಚಿದ, ಅದು ನೆಟ್ಟಗಾಯಿತು. ನಾನು ಬೀಗುವಷ್ಟರಲ್ಲಿ ಅತ್ತೆ ಮೂಗಿನ ಮೆತ್ತೆಗೆ ಉಗುರು ಇಟ್ಟರು.

"ಇದಕ್ಕೆ ತಿರುಪು ಇದೆ ತಾನೆ?"

"ಹೌದು, ಹಳೇದಾದ್ರೆ ಬದಲಾಯಿಸ್ಬೋದು."

"ಅಂದ್ರೆ ಕಳಚುತ್ತೆ. ಒಳಗಿಡು."

ಮೆತ್ತೆಯೂ ಒಂದೇ ಅಚ್ಚಿನಲ್ಲಿ ಬಂದ ನೈಲಾನ್ ಫ್ರೇಮ್ ತೆಗೆದೆ. ಅತ್ತೆ ಹಾಕಿಕೊಂಡು ಬಗ್ಗಿದಾಗ ತುಟಿಯವರೆಗೆ ಜಾರಿತು.

"ನಿಮಗೆ ಮೂಗೇ ಇಲ್ವಲ್ಲ ಅತ್ತೆ."

"ನಿಮ್ಮಪ್ಪನದೂ ಇದೇ ಮೂಗು. ನಿನಗೂ ಕೊಟ್ಟಿದಾನೆ, ಕನ್ನಡಿ ನೋಡ್ಕೊ."

ಉಳಿದದ್ದು ಮಕ್ಕಳ ಕಪಾಟು. ಮೆತ್ತನೆ ನೈಲಾನು, ಕಿವಿಯ ಹತ್ತಿರ ರಬ್ಬರು, ತಿರುಪು ಎಲ್ಲೂ ಇಲ್ಲ. ದೊಡ್ಡ ಅಳತೆಯಲ್ಲಿ ಇದ್ದದ್ದು ಆಕಾಶನೀಲಿ ಒಂದೇ. ಅಳಿಯ ಎಳೆದ, ಕಚ್ಚಿದ, ಬೇಜಾರಾಗಿ ಬಿಟ್ಟುಬಿಟ್ಟ. ಅತ್ತೆ ಹಾಕಿಕೊಂಡು ಬಗ್ಗಿದರು, ಎದ್ದರು, ತಲೆ ಕೊಡವಿದರು. ಕನ್ನಡಕ ಅಲ್ಲಾಡಲಿಲ್ಲ.

"ಇದು ಮಕ್ಕಳದು ಅತ್ತೆ" ಎಂದೆ.

"ನಾನೇನು ಮುದುಕರ ಜೊತೆ ಇರ್ತೀನಾ?"

ಭಾನುವಾರ ಕೂತು ಒಡೆಯದ ಮಸೂರ ಕೂರಿಸಿಕೊಟ್ಟೆ.

ಸೋಮವಾರ ಯಜಮಾನಿ ಬಾಗಿಲಲ್ಲೇ ಅತ್ತೆಯ ಮುಖದಿಂದ ಕನ್ನಡಕ ತೆಗೆದುಕೊಂಡರು. ಕಡ್ಡಿಗಳನ್ನು ಹಿಗ್ಗಿಸಿ ಎಳೆದರು, ಮಸೂರವನ್ನು ಹೆಬ್ಬೆರಳಿನಿಂದ ಒತ್ತಿದರು. ಅತ್ತೆ ತಮ್ಮ ಕೈಯನ್ನು ತಾವೇ ಹಿಡಿದುಕೊಂಡು ನಿಂತಿದ್ದರು. ಏನೂ ಕಳಚಲಿಲ್ಲ. ಕನ್ನಡಕದ ಜೊತೆ ಒಂದು ಔಷಧಿ ಬಾಟಲಿಯನ್ನೂ ಕೊಟ್ಟರು.

"ಅರ್ಧ ಚಮಚ, ಊಟ ಆದ್ಮೇಲೆ" ಎಂದು ಅತ್ತೆ ಓದಿದರು.

"ಬಣ್ಣ ಸ್ವಲ್ಪ ಜಾಸ್ತಿ ಆಯ್ತು" ಎಂದರು ಯಜಮಾನಿ. "ಹೋಗಿ ಒಳಗೆ. ಒಬ್ಬ ಆಗ್ಲೇ ರಾಗ ಶುರು ಮಾಡಿದಾನೆ."

ಸಮಾಧಾನ ಹೇಳಬೇಕಾದೀತೆಂದು ಅರ್ಧ ದಿನ ರಜೆ ಹಾಕಿ ಜೊತೆಗೆ ಬಂದಿದ್ದ ನನ್ನ ಕಡೆ ತಿರುಗಿಯೂ ನೋಡದೆ ಅತ್ತೆ ಒಳಗೆ ನಡೆದರು.