ಮಾತ್ರೆಗಳ ನೆಂಟಸ್ತಿಕೆ

ಜಯನಗರದ ಆಸ್ಪತ್ರೆಯೊಂದರಲ್ಲಿ ರೋಗಿಗಳ ಮಾತ್ರೆ ಚೀಟಿ ಪರಿಶೀಲಿಸುವ ಫಾರ್ಮಸಿಸ್ಟ್ ನಾನು. ಬೇಡದ ಮಾತ್ರೆ ಕಂಡರೆ ಸುಮ್ಮನಿರಲು ನನ್ನಿಂದಾಗದು.

ಬಿಳೇಕಹಳ್ಳಿಯ ಮುನಿರಾಜಪ್ಪನವರು ಮನೆಯಲ್ಲಿ ತಲೆಸುತ್ತಿ ಬಿದ್ದು ಅಡ್ಮಿಟ್ ಆಗಿದ್ದರು. ಅವರ ಮಾತ್ರೆ ಚೀಲ ಬಿಚ್ಚಿ, "ಅಂಕಲ್, ಇದು ಯಾಕೆ ಶುರುವಾಯ್ತು?" ಅಂತ ಒಂದೊಂದಕ್ಕೂ ಕೇಳಿದೆ. ಬಿಪಿ ಮಾತ್ರೆಯಿಂದ ಕಾಲು ಊದಿತ್ತು. ಊತಕ್ಕೆ ಇನ್ನೊಬ್ಬ ಡಾಕ್ಟರು ಮೂತ್ರ ಹೆಚ್ಚಿಸುವ ಮಾತ್ರೆ ಕೊಟ್ಟಿದ್ದರು. ಅದರಿಂದ ರಾತ್ರಿಯೆಲ್ಲ ಬಾತ್‌ರೂಮಿಗೆ ಓಡಾಟ. ಕೆಟ್ಟ ನಿದ್ದೆಗೆ ಮತ್ತೊಂದು ಮಾತ್ರೆ. ಅದರ ಮಂಪರಿನಲ್ಲೇ ಬಿದ್ದಿದ್ದರು.

ನಾಲ್ಕು ಮನೆ ಬಾಡಿಗೆಗೆ ಕೊಟ್ಟಿದ್ದ ಮುನಿರಾಜಪ್ಪನವರಿಗೆ ಇದನ್ನು ಹೇಳಿದಾಗ ತಕ್ಷಣ ಅರ್ಥವಾಯಿತು. "ಒಬ್ಬನಿಗೆ ಮನೆ ಕೊಟ್ರೆ ನೆಂಟ್ರೆಲ್ಲ ಬಂದು ಸೇರ್ಕೊಂಡಂಗಾಯ್ತಲ್ಲ ಮೇಡಂ. ಮೊದಲನೆಯವನನ್ನ ಖಾಲಿ ಮಾಡ್ಸಿ."

ನಮ್ಮ ಡಾಕ್ಟರೂ ಒಪ್ಪಿ ಬಿಪಿ ಮಾತ್ರೆ ಬದಲಾಯಿಸಿದರು. ಊತ ಇಳಿಯಿತು, ಉಳಿದೆರಡನ್ನೂ ನಿಲ್ಲಿಸಿದರು.

ಡಿಸ್ಚಾರ್ಜ್ ದಿನ ಹೊಸ ಚೀಟಿ ವಿವರಿಸುತ್ತಲೇ, ದಿನದ ಅಭ್ಯಾಸದಂತೆ ನನ್ನ ಬ್ಯಾಗಿನಿಂದ ಗ್ಯಾಸ್ ಮಾತ್ರೆ ತೆಗೆದು ನುಂಗಿದೆ. ಮುನಿರಾಜಪ್ಪನವರು ನೋಡುತ್ತಿದ್ದರು.

"ಅದು ಯಾರ ನೆಂಟ ಮೇಡಂ?"

ಬೆನ್ನುನೋವಿನ ಮಾತ್ರೆಯ ಜೊತೆ ಬಂದ ನೆಂಟ ಅದು. ನೋವಿನ ಮಾತ್ರೆ ಮನೆ ಖಾಲಿ ಮಾಡಿಕೊಂಡು ಹೋಗಿ ಎರಡು ವರ್ಷವಾಗಿತ್ತು.