ಖಾಜಾಸಾಬರ ಮೊಸಳೆ

ಖಾಜಾಸಾಬರ ಒಂದು ನಿಜಕ್ಕೆ ನನಗೆ ಬಿದ್ದ ಖರ್ಚು ಇಷ್ಟು: ಲಿಂಗಸುಗೂರಿನಿಂದ ಮಸ್ಕಿಗೆ ಜೀಪಿನ ಬಾಡಿಗೆ, ಎರಡು ಕಿಲೋ ಪೇಡೆ, ಜೊತೆಗೆ ಸಿಂಧನೂರಿನಲ್ಲಿ ಹಳೆಯ ಮೋಟಾರು ಮಾರಿ ಗಳಿಸಿದ ‘ಯಾವ ವ್ಯವಹಾರವನ್ನೂ ಕುದುರಿಸುತ್ತಾನೆ’ ಎಂಬ ಹೆಸರು. ಬಾಡಿಗೆ, ಪೇಡೆ ಹೋಗಲಿ. ಹೆಸರು ಸೆಕೆಂಡ್ ಹ್ಯಾಂಡಿನಲ್ಲಿ ಸಿಗುವುದಿಲ್ಲ.

ಮಸ್ಕಿಯ ಖಾಜಾಸಾಬರು ಆಫ್ರಿಕಾದ ಚಾಡ್ ದೇಶದ ಮರುಭೂಮಿಯಲ್ಲಿ ಬೋರ್‌ವೆಲ್ ಕೊರೆದು ಬಂದವರು. ದುಬೈಗೆ ಹೋದವರು ಸೆಂಟು, ಕಂಬಳಿ ತಂದರೆ ಇವರು ತಂದದ್ದು ಬರೀ ಸುದ್ದಿ. ಮರಳಿನ ನಡುವೆ ಎದ್ದ ಕಲ್ಲಿನ ಕಮಾನು. ಬಂಡೆ ಸಂದಿಯ ಮಡುವಿನಲ್ಲಿ ಒಂಟೆಗಳು ನೀರು ಕುಡಿಯುವಾಗ ಅಲ್ಲೇ ಬಿಸಿಲಿಗೆ ಮೈ ಕಾಯಿಸಿಕೊಳ್ಳುವ ಮೊಸಳೆ. ಹುಲ್ಲುಕಡ್ಡಿ ಇಲ್ಲದ ಕಡೆ ಸಾವಿರಾರು ವರ್ಷದ ಹಿಂದೆ ಯಾರೋ ಕಲ್ಲಿನ ಮೇಲೆ ಕೆಮ್ಮಣ್ಣಿನಲ್ಲಿ ಬರೆದ ದನದ ಹಿಂಡು. ಒಂದನ್ನೂ ನಂಬದ ಚಹಾದಂಗಡಿಯವರು ‘ಮೊಸಳಿ ಸಾಬ’ ಎಂದು ಹೆಸರಿಟ್ಟರು. ಕಾಲುವೆ ನೀರಲ್ಲಿ ಭತ್ತ ಬೆಳೆಯುವ ನಮ್ಮ ಜನಕ್ಕೆ ಮರುಭೂಮಿಯ ಬಗ್ಗೆ ಗೊತ್ತಿರುವಷ್ಟು ಬೇರೆ ಯಾರಿಗೆ ಗೊತ್ತು?

ಮಗಳು ಶಬಾನಾಳ ಎರಡು ಸಂಬಂಧ ಆ ಮೊಸಳೆಯ ಬಾಯಿಗೇ ಹೋಗಿದ್ದವು. ಮೂರನೆಯದನ್ನು ಲಿಂಗಸುಗೂರಿನಲ್ಲಿ ಹುಡುಕಿದವನು ನಾನು. ದುಬೈ ಎನ್ನಿ, ದೊಡ್ಡ ಕಟ್ಟಡ ಎನ್ನಿ ಎಂದು ಖಾಜಾಸಾಬರಿಗೆ ಮೊದಲೇ ಪಾಠ ಹೇಳಿದೆ. ಹೂಂ ಎಂದರು.

ಬೀಗರಾಗಬೇಕಾದವರು ಬಂದು ಕೂತು, ಎಲ್ಲಿದ್ದಿರಿ ಎಂದಷ್ಟೇ ಕೇಳಿದರು. ಖಾಜಾಸಾಬರು ನನ್ನ ಮುಖ ನೋಡಿದರು, ಪೇಡೆ ನೋಡಿದರು, ಮೊಸಳೆಯಿಂದಲೇ ಶುರುಮಾಡಿ ಕಲ್ಲಿನ ಮೇಲಿನ ದನದವರೆಗೂ ಬಂದರು. ಹುಡುಗ ಕರ್ಚೀಫಿನಲ್ಲಿ ನಗು ಒರೆಸಿಕೊಂಡ. ಅವನಪ್ಪನ ಕಣ್ಣು ಚಪ್ಪಲಿ ಹುಡುಕತೊಡಗಿತು. ನಾನು ಖಾಜಾಸಾಬರ ಕಾಲು ತುಳಿದೆ.

“ತುಳೀಬ್ಯಾಡ್ರಿ ಸಾವಕಾರ್ರ. ಮಗಳ ನಿಕಾ ಅಂತ ಮೊಸಳಿ ಇಲ್ಲದಂಗ ಆಗ್ತಾವೇನು?”

ಅಷ್ಟರಲ್ಲಿ ಹುಡುಗನ ಅಜ್ಜಿ, ಜೀವಮಾನವಿಡೀ ದನ ಕಟ್ಟಿದಾಕೆ, ಬಾಯಿಬಿಟ್ಟರು. “ಆ ಕಲ್ಲಿನ ಮ್ಯಾಲಿನ ಆಕಳು ಹಾಲಿನವೇನು, ಗೊಡ್ಡೇನು?”

“ಕೆಚ್ಚಲ ತುಂಬ್ಯಾವ ಅಮ್ಮಾ. ಒಂದರ ಕರು ಅರ್ಧ ಅಳಿಸಿ ಹೋಗೇತಿ. ಅದು ಕುಡಿಯಾಕತ್ತಿತ್ತೋ, ಬರೇ ನಿಂತಿತ್ತೋ, ನನಗ ಗೊತ್ತಾಗಲಿಲ್ಲ.”

ಅಜ್ಜಿ ಮಗನ ಕಡೆ ತಿರುಗಿದರು. “ಕೂಡ್ರಪಾ. ಸುಳ್ಳು ಹೇಳಾಂವ ಆಗಿದ್ದರ ಕರೂಗೆ ಹಾಲು ಕುಡಿಸೇ ಬಿಡ್ತಿದ್ದ.”

ಮದುವೆಯಾಯಿತು. ಕುದುರಿಸಿದ ಹೆಸರು ಅಜ್ಜಿಗೆ ಹೋಯಿತು.

ಹೋದ ವರ್ಷ ಖಾಜಾಸಾಬರು ತೀರಿಕೊಂಡರು. ಈಗ ಅದೇ ಅಳಿಯ ಲಿಂಗಸುಗೂರಿನ ಚಹಾದಂಗಡಿಯಲ್ಲಿ ಆ ಮರುಭೂಮಿಯ ಕಥೆ ಹೇಳುತ್ತಾನೆ. ಅವನ ಕಥೆಯಲ್ಲಿ ಕರು ಹಾಲು ಕುಡಿಯುತ್ತದೆ. ಯಾರೂ ನಗುವುದಿಲ್ಲ.

ಆದ್ದರಿಂದ ಸಂಬಂಧ ನೋಡಲು ಹೊರಟವರು ಪೇಡೆ ಕಡಿಮೆ ಒಯ್ಯಿರಿ, ದನ ಕಟ್ಟಿದ ಮುದುಕಿಯೊಬ್ಬರನ್ನು ಮುಂದೆ ಕೂರಿಸಿ, ಕರು ಕುಡಿಯಿತೇ ಎಂದು ಕೇಳಿಸಿ. ‘ಗೊತ್ತಿಲ್ಲ’ ಎಂದವರ ಮನೆಯ ಹೆಣ್ಣು ತನ್ನಿ. ‘ಕುಡಿಯಿತು’ ಎಂದವರನ್ನು ನನ್ನ ಅಂಗಡಿಗೆ ಕಳಿಸಿ. ಹಳೆಯ ಮೋಟಾರು ಮಾರಲು ಅಂಥವರೇ ಬೇಕು.